ಬರೆದವಳು ಬಾಯಿ ತೆರೆಯಬಾರದು

ಪರದೆಯ ಮೇಲೆ ಕೆಂಪು ಸಾಲೊಂದು ಮಿನುಗಿದಾಗ ಶಿವಪ್ಪನ ಬೆರಳು ಅಲ್ಲೇ ನಿಂತುಬಿಟ್ಟಿತು. ಪಕ್ಕದಲ್ಲಿದ್ದ ಅಕ್ಕನ ಮಗಳು ಮಾಧುರಿ ದುಪಟ್ಟಾದ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡಳು. ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವ ಆ ಮುಕ್ತ ತಂತ್ರಾಂಶಕ್ಕೆ ಕೈಪಿಡಿ ಬರೆದವಳು ಅವಳೇ. ಏನೂ ಗೊತ್ತಿಲ್ಲದವರೊಬ್ಬರು ಬರೀ ಅದನ್ನು ಓದಿಕೊಂಡು ತಂತ್ರಾಂಶವನ್ನು ಹಾಕಿಕೊಂಡರೆ ಮಾತ್ರ ಈ ಸಂಜೆ ಅದರ ಬಿಡುಗಡೆ. ಬರೆದವರು ತುಟಿ ಬಿಚ್ಚಿದರೆ ಪರೀಕ್ಷೆಯೇ ರದ್ದು.

“ಇದೇನ ಕೆಟ್ಟ ಹೋತೇನವಾ?” ಪುಣೆಯ ಪೇಟೆಯಲ್ಲಿ ಸೀರೆ ಮಾರುವ ಮಾವ ಅವಳತ್ತ ತಿರುಗಿದ. “ಹೂಂ ಅನ್ನು, ಇಲ್ಲಾ ಊಹೂಂ ಅನ್ನು. ದಿನಾ ನನ್ನ ತಲಿ ತಿಂತಿ, ಇವತ್ತ ಮೌನಗೌರಿ ಆಗಿ ಕುಂತೀ ನೋಡು!”

ಮಾಧುರಿ ಕಣ್ಣು ಮುಚ್ಚಿ ಮನೆದೇವರು ಖಂಡೋಬನನ್ನು ನೆನೆದಳು. ಶಿವಪ್ಪ ಕೈಪಿಡಿಯ ಹಾಳೆಯ ಮೇಲೆ ಬೆರಳಾಡಿಸುತ್ತ ಗಟ್ಟಿಯಾಗಿ ಓದಿದ: ‘ಇಲ್ಲಿ ಕೆಂಪು ಸಾಲು ಬರುತ್ತದೆ. ಹೆದರಬೇಡಿ, ಮುಂದುವರಿಯಿರಿ.’ “ಹಾಂ! ಮಾವ ಹೆದರತಾನಂತ ಮೊದಲ ಗೊತ್ತಿತ್ತೇನ ನಿನಗ?” ಎನ್ನುತ್ತ ಗುಂಡಿ ಒತ್ತಿದ.

ಪರದೆ ಕಪ್ಪಾಯಿತು. ಮರುಗಳಿಗೆಯೇ ದುಂಡು ದುಂಡಾದ ಕನ್ನಡ ಅಕ್ಷರಗಳು ಅದರ ತುಂಬ ಬೆಳಗಿದವು. “ಬಂತವಾ! ಭಾಳ ಚಂದ ಬಂತು!” ಎಂದು ಮಾವ ಕುರ್ಚಿ ಬಿಟ್ಟೆದ್ದು ಕುಣಿದ. ಈಗ ಮಾತಾಡಬಹುದಾಗಿತ್ತು; ಮಾಧುರಿ ಮಾತ್ರ ದೇವರ ಜಗಲಿಯತ್ತ ಓಡಿದಳು. ಅಲ್ಲಿದ್ದ, ಖಂಡೋಬನ ಜೇಜುರಿಯಿಂದ ತಂದ ಅರಿಶಿನದ ಪುಡಿ ಭಂಡಾರವನ್ನು ಹಿಡಿ ತುಂಬ ತೆಗೆದು, ಮಾವ, ಹಾಳೆ, ಕಂಪ್ಯೂಟರು ಎಲ್ಲವೂ ಹಳದಿಯಾಗುವಂತೆ ಮೇಲಕ್ಕೆ ತೂರಿದಳು.