ಕನ್ನಡ ಬರುವವರು

ಬೆಳಿಗ್ಗೆ ಹತ್ತಕ್ಕೆ ವಿಶಾಲಾಕ್ಷಮ್ಮನ ಕ್ರೆಡಿಟ್ ಕಾರ್ಡಿನಲ್ಲಿ ಯಾವುದೋ ವಿದೇಶಿ ಜಾಲತಾಣದಿಂದ ಯಾರೋ ಶೂ ಕೊಂಡರು. ಕಾರ್ಡು ನಿಲ್ಲಿಸಿ ಎನ್ನಲು ಬ್ಯಾಂಕಿನ ಸಹಾಯವಾಣಿಗೆ ಫೋನ್ ಮಾಡಿದರೆ ಒಮ್ಮೆ ಇಂಗ್ಲಿಷ್, ಒಮ್ಮೆ ಹಿಂದಿ, ಉಳಿದಂತೆ ಬರೀ ಸಂಗೀತ. ರೋಸಿಹೋಗಿ ಬ್ಯಾಂಕಿನ ಫೇಸ್‌ಬುಕ್ ಪುಟದಲ್ಲಿ, ಎಲ್ಲರಿಗೂ ಕಾಣುವಂತೆ, ಬರೆದರು: "ಕನ್ನಡ ಬರುವವರು ಒಬ್ಬರೂ ಇಲ್ಲವೇ?" ಕೆಳಗೆ ತಮ್ಮ ಫೋನ್ ನಂಬರನ್ನೂ ಹಾಕಿದರು.

ಸ್ವಲ್ಪ ಹೊತ್ತಿಗೇ ಕರೆ ಬಂತು.

"ನಮಸ್ಕಾರ ಅಮ್ಮ, ಬ್ಯಾಂಕಿಂದ. ತಡ ಆಯ್ತು, ಬೇಜಾರು ಮಾಡ್ಕೋಬೇಡಿ."

"ಅಬ್ಬಾ, ಕನ್ನಡ! ಇಷ್ಟೊತ್ತು ಎಲ್ಲಿ ಅಡಗಿದ್ರಪ್ಪಾ? ಮೊದ್ಲು ಕಾರ್ಡ್ ನಿಲ್ಸಿ."

"ಈಗ್ಲೇ ನಿಲ್ಲಿಸ್ತೀನಮ್ಮ. ಕಾರ್ಡಿನ ಹಿಂದೆ ಮುಂದೆ ಇರೋ ನಂಬರೆಲ್ಲ ಹೇಳಿ, ಆಮೇಲೆ ಬರೋ ಓಟಿಪಿನೂ ಹೇಳಿ."

"ಬರ್ಕೊಳ್ಳಿ," ಎಂದು ವಿಶಾಲಾಕ್ಷಮ್ಮ ಒಂದೊಂದೇ ಅಂಕಿಯನ್ನು ಅಚ್ಚಗನ್ನಡದಲ್ಲಿ ಬಿಡಿಸಿ ಹೇಳಿದರು.

ಬ್ಯಾಂಕಿನವರ ಫೋನ್ ಬಂದದ್ದು ಸಂಜೆ, ಅದೇ ಕಾರ್ಡಿನಲ್ಲಿ ಯಾರೋ ಚಿನ್ನ ಕೊಂಡ ಮೇಲೆ, ಹಿಂದಿಯಲ್ಲಿ.