ಹಣೆಯ ಭಂಡಾರ

ಅರಿಸಿನ ಕುಟ್ಟುವ ಘಾಟು ಮೂಗಿಗೆ ಬಡಿದರೆ ಈಗಲೂ ನನ್ನ ಕೈ ತಾನಾಗಿ ಹಣೆಗೆ ಹೋಗುತ್ತದೆ.

ಆಗ ನಾನು ನಾಲ್ಕನೇ ಕ್ಲಾಸು. ಸಂಡೂರು ದಾರಿಯ ನಮ್ಮೂರಿನಲ್ಲಿ ಅದಿರಿನ ಲಾರಿಗಳ ಧೂಳಿಗೆ ಬೇವಿನ ಮರವೂ ಕೆಂಪಗಾಗಿತ್ತು. ಅವ್ವ ಪಂಚಾಯ್ತಿ ಮೆಂಬರು. ಒಂದು ಮಧ್ಯಾಹ್ನ ಮೈಲಾರಲಿಂಗನ ಗುಡಿಯ ಸೇವಾ ಮಂಡಳಿಯವರು ಮೆಂಬರುಗಳನ್ನೆಲ್ಲ ಒಳಗೆ ಕರೆದು ಬಾಗಿಲು ಹಾಕಿದರು. ಅವ್ವನ ಸೆರಗು ಹಿಡಿದು ನಾನೂ ಒಳಗಿದ್ದೆ.

ಒಳಗಿನ ಮಾತು ಇಷ್ಟು: ನಾವು ಖೊಖೊ ಆಡುವ ಶಾಲೆಯ ಮೈದಾನವನ್ನು ಅದಿರು ಸುರಿಯಲು ಬಿಟ್ಟುಕೊಡಬೇಕು, ಮೀಟಿಂಗಿನಲ್ಲಿ ಎಲ್ಲರೂ ಕೈ ಎತ್ತಬೇಕು, ಹೊರಗೆ ಯಾರೂ ಬಾಯಿ ಬಿಡಬಾರದು. ಗಂಡಸರೆಲ್ಲ ಒಬ್ಬೊಬ್ಬರಾಗಿ ಭಂಡಾರವೆಂಬ ದೇವರ ಅರಿಸಿನ ಪುಡಿ ಹಿಡಿದು ಆಣೆ ಮಾಡಿದರು. ಮಂಡಳಿಯ ಯಜಮಾನರು ಭಂಡಾರದ ತಟ್ಟೆಯನ್ನು ಅವ್ವನ ಮುಂದೆ ಹಿಡಿದರು.

“ಮುಟ್ಟು ತಂಗಿ. ಇಲ್ಲಿ ಆಡಿದ್ದು ಮೈಲಾರನ ಮುಂದ ಉಳೀಬೇಕು.”

“ಕಟ್ಟಿ ಮ್ಯಾಲೆ ಕುಂತು ಆಡಾಕ ಆಗದ ಮಾತಿಗೆ ದೇವ್ರನ್ನ ಯಾಕ ಎಳೀತೀರಿ, ಯಜಮಾನ್ರ? ಭಂಡಾರ ಇರೋದು ಹಣಿಗೆ ಹಚ್ಚಾಕ, ಬಾಯಿ ಮುಚ್ಚಾಕಲ್ಲ.”

ಅವ್ವ ಹಿಡಿ ತುಂಬ ಭಂಡಾರ ಬಾಚಿ ನನ್ನ ಹಣೆಗೂ ತನ್ನ ಹಣೆಗೂ ಬಳಿದಳು. ತಣ್ಣಗೆ, ನುಣ್ಣಗಿತ್ತು, ಒಂದಿಷ್ಟು ನನ್ನ ರೆಪ್ಪೆಯ ಮೇಲೂ ಉದುರಿತು. ಆಮೇಲೆ ತಾನೇ ಬಾಗಿಲ ಅಗುಳಿ ತೆಗೆದು, ನನ್ನ ಕೈ ಹಿಡಿದು ಬೀದಿಗಿಳಿದಳು.

ನಮ್ಮ ಮನೆ ಎಡಕ್ಕಿತ್ತು. ಅವ್ವ ಬಲಕ್ಕೆ, ಊರೊಳಗೆ ಹೊರಳಿದಳು.

ಮೊದಲ ಮನೆಯ ಕಟ್ಟೆಯಲ್ಲಿ ಅಕ್ಕಿ ಆರಿಸುತ್ತಿದ್ದ ಮುದುಕಿ ನಮ್ಮ ಹಳದಿ ಹಣೆಗಳನ್ನು ನೋಡಿ ಕೇಳಿದಳು:

“ಏನ್ ವಿಶೇಷಬೇ ಇವತ್ತು?”

ಅವ್ವ ಅವಳ ಪಕ್ಕದಲ್ಲಿ ಕುಂತಳು.

“ಹೇಳ್ತೀನಿ. ಓಣ್ಯಾಗಿನವ್ರನ್ನೆಲ್ಲ ಕರೀರಿ.”