ಕೀಲುಳ್ಳ ಗೊಂಬೆ

ಮುದ್ದೆಯ ತುತ್ತು ಬಾಯಿಗೆ ಹೋಗುವ ಮೊದಲೇ ಓಬಳಪ್ಪನ ಬಲಗೈ ಅರ್ಧದಲ್ಲಿ ನಿಂತುಬಿಟ್ಟಿತು. ಮಡಿಸಿದ ಮೊಣಕೈ ಮಡಿಸಿದಂತೆಯೇ ಇತ್ತು. ಎತ್ತಲೂ ಆಗದು, ಇಳಿಸಲೂ ಆಗದು. ಹೆಂಡತಿ ಭೀಮಕ್ಕ ಹರಳೆಣ್ಣೆ ತಿಕ್ಕಿದಳು, ಬಿಸಿನೀರು ಹುಯ್ದಳು. ಮಧುಗಿರಿಯ ಡಾಕ್ಟರು ಸೂಜಿ ಚುಚ್ಚಿ ಕಳಿಸಿದರು. ಮೂರು ದಿನವಾದರೂ ಕೈ ಕದಲಲಿಲ್ಲ. ತೊಗಲುಗೊಂಬೆ ಆಡಿಸುವವನಿಗೆ ಕೈಯೇ ಹೋದರೆ ಇನ್ನೇನು ಉಳಿಯಿತು? ಭೀಮಕ್ಕನಿಗೆ ದಿಕ್ಕೇ ತೋಚಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ ಪುರವರದಿಂದ ಓಬಳಪ್ಪನ ಅಪ್ಪ ಪೆದ್ದಣ್ಣ ಬಂದ. ಮಗನ ಕೈ ಮುಟ್ಟಲೂ ಇಲ್ಲ. ಹೊಸ ಗೊಂಬೆ ಏನಾದರೂ ಮಾಡಿದೆಯಾ ಎಂದು ಕೇಳಿದ. ಓಬಳಪ್ಪ ತಲೆ ತಗ್ಗಿಸಿದ. ಟೂರಿಂಗ್ ಟಾಕೀಸು ಬಂದಮೇಲೆ ಗೊಂಬೆಯಾಟಕ್ಕೆ ಜನವೇ ಇಲ್ಲವೆಂದು ಹೊಸದೊಂದು ಕೋಡಂಗಿ ಮಾಡಿದ್ದನಂತೆ. ಊರವರು ನಗಲಿ ಅಂತ ಅದಕ್ಕೆ ತನ್ನದೇ ಮುಖ ಬರೆದಿದ್ದನಂತೆ.

“ಕೀಲು ಹಾಕ್ದೇನ್ಲಾ?”

“ಹಾಕ್ದೆ ಕಣಪ್ಪ. ಇಲ್ದಿದ್ರೆ ಕುಣಿಯೋದು ಹೆಂಗೆ?”

ಮುದುಕ ಕುಸಿದು ಕುಳಿತ. ಆ ಮನೆತನದಲ್ಲಿ ‘ಕೀಲುಳ್ಳ’ ಎಂಬ ಮಾತನ್ನು ಯಾರೂ ಹಗುರಾಗಿ ಆಡುತ್ತಿರಲಿಲ್ಲ. ದೇವರ ಗೊಂಬೆ ಒಂದೇ ತೊಗಲು, ಅದಕ್ಕೆ ಕೀಲಿಲ್ಲ. ರಾಜ, ರಾಕ್ಷಸ, ಕೋಡಂಗಿ ಎಲ್ಲ ಕೀಲುಳ್ಳ ಗೊಂಬೆಗಳು. ತುಂಡು ತುಂಡಾಗಿ ಕತ್ತರಿಸಿ, ದಾರ ಪೋಣಿಸಿ ಗಂಟು ಹಾಕಿದಂಥವು. ಬದುಕಿರುವವರ ಮುಖ ಬರೆದ ಗೊಂಬೆಗೆ ಮಾತ್ರ ಕೀಲು ಹಾಕಬಾರದು. ಹಾಕಿದರೆ ಅದರ ಕೀಲು ಬೇರೆಯಲ್ಲ, ಅವರ ಕೀಲು ಬೇರೆಯಲ್ಲ. ಮಾಡಿದ್ದುಣ್ಣೋ ಮಹರಾಯ ಎನ್ನಲು ಅವನು ಪರರ ಮಗನಲ್ಲವಲ್ಲ.

“ನನ್ಗೆ ಕಣ್ಣು ಕಾಣಾಕಿಲ್ಲ, ನೀನೇ ಗೊಂಬೆ ಪೆಟ್ಗೆ ತೆಗಿಯಮ್ಮ,” ಎಂದ ಸೊಸೆಗೆ. “ಮೊಣಕೈ ಗಂಟು ಬಿಗಿದಿರ್ತದೆ. ಸಡ್ಲ ಮಾಡು, ಪೂರಾ ಬಿಚ್ಬುಟ್ಟೀಯ ಜೋಕೆ.”

ಭೀಮಕ್ಕ ಒಳಮನೆಗೆ ಹೋಗಿ ಪೆಟ್ಟಿಗೆ ತೆಗೆದಳು. ಮೇಲೇ ಮಲಗಿತ್ತು ಕೋಡಂಗಿ. ಗಂಡನ ಮೀಸೆ, ಗಂಡನ ಗಲ್ಲದ ಮಚ್ಚೆ. ಬಲ ಮೊಣಕೈ ಮಡಚಿಕೊಂಡು, ದಾರ ಬಿಗಿದು ಕಲ್ಲಾಗಿತ್ತು. ಸೂಜಿಮೊನೆಯಿಂದ ಗಂಟನ್ನು ಮೆಲ್ಲಗೆ ಮೀಟಿದಳು. ಗೊಂಬೆಯ ತೋಳು ಜಾರಿ ಕೆಳಗಿಳಿಯಿತು. ಹಜಾರದಲ್ಲಿ ಓಬಳಪ್ಪ, “ಬಂತು ಕಣಪ್ಪ, ಕೈ ಬಂತು,” ಎಂದು ಮಗುವಿನಂತೆ ನಗತೊಡಗಿದ.

ಭೀಮಕ್ಕನಿಗೆ ಹೋದ ಜೀವ ಬಂದಂತಾಯಿತು. ಕಣ್ಣೊರೆಸಿಕೊಂಡು, ಒಳಗೆ ಸರಿಯಾಗಿ ಮಲಗಿಸೋಣವೆಂದು ಗೊಂಬೆಯನ್ನು ಎತ್ತಿದಳು.

ಪೆಟ್ಟಿಗೆಗೆ ಇಲಿ ಹೊಕ್ಕಿತ್ತು. ಕುತ್ತಿಗೆಯ ದಾರವನ್ನೆಲ್ಲ ಕಡಿದು ಹಾಕಿತ್ತು. ಉಳಿದಿದ್ದ ಒಂದೇ ಎಳೆಯಲ್ಲಿ ತಲೆ ತೂಗಾಡುತ್ತಿತ್ತು. ಹೊರಗೆ ಗಂಡ ಇನ್ನೂ ನಗುತ್ತಲೇ ಇದ್ದ.